ಮಾತು ಕೇಳದ ಗಾಜು

...ಅಯ್ಯೋ, ಆ ಕುರ್ಚಿ ಬೇಡ ಟೀಚರ್, ಅದರ ಒಂದು ಕಾಲು ಕುಂಟು! ಈ ಸ್ಟೂಲಿನ ಮೇಲೆ ಕೂತ್ಕೊಳ್ಳಿ. ಬೆನ್ನು ಮಾತ್ರ ಆ ಪೈಪಿಗೆ ತಾಗಿಸಬೇಡಿ, ಕೆಳಗಿನ ಬಾಯ್ಲರಿಂದ ಬರೋದು ಅದು, ಚರ್ಮ ಕಿತ್ತುಕೊಂಡು ಬರುತ್ತೆ. ಹಾಂ, ಹಾಗೆ. ಇನ್ನು ನೀವೇನೂ ಹೇಳಬೇಕಾಗಿಲ್ಲ. ಯಾಕೆ ಬಂದಿದ್ದೀರಿ ಅಂತ ಮೆಟ್ಟಿಲು ಹತ್ತುವಾಗಲೇ ನಿಮ್ಮ ಮುಖ ಹೇಳ್ತು. ನನ್ನ ಮೊಮ್ಮಗಳು ಚೂಟಿಗೆ ಸೀಟು ಇಲ್ಲ. ಅಷ್ಟೇ ತಾನೆ? ಪಟ್ಟಣದ ದೊಡ್ಡ ಶಾಲೆ, ಹಾಸ್ಟೆಲ್ಲು, ಊಟ, ಬಟ್ಟೆ... ಇನ್ನೇನು ಕೈಗೆ ಬಂತು ಅನ್ನೋವಾಗ ಒಂದು ಕೆಟ್ಟ ಡಬ್ಬಿ ಕೊಟ್ಟು ಮಗುವಿನ ಬಾಳಿಗೇ ಕಲ್ಲು ಹಾಕಿಬಿಟ್ರಿ!

ಡಬ್ಬಿ ಅನ್ನಬಾರದಾ? ಆಯ್ತು, ಟ್ಯಾಬು. ಕೆಟ್ಟ ಟ್ಯಾಬು. ಹೆಸರು ಬದಲಾಯಿಸಿದ್ರೆ ಕೊಳೆ ಹೋಗುತ್ತಾ?

ಚೂಟಿ ಬಂದು ಎಲ್ಲಾ ಹೇಳಿದಳು ನನಗೆ. ಬೆಳಿಗ್ಗೆ ಅಷ್ಟು ಜನ ದೊಡ್ಡವರ ಮುಂದೆ ಕೂರಿಸಿ, ಹೂಂ, ಸರಿಯಾದ ಉತ್ತರ ಮುಟ್ಟು ಅಂದ್ರಂತೆ. ಮುಟ್ಟಿದಳಂತೆ. ಅದು ಗುಮ್ಮನ ಹಾಗೆ ಸುಮ್ಮನೆ ಇತ್ತಂತೆ! ಮತ್ತೆ ಮುಟ್ಟಿದಳಂತೆ. ಊಹೂಂ. ಪ್ರಶ್ನೆ ನಿಂತಲ್ಲೇ ನಿಂತಿದೆ, ಮೂಲೆಯಲ್ಲಿ ಗಡಿಯಾರ ಮಾತ್ರ ಓಡ್ತಾ ಇದೆ. ಆಗ ಕೋಟು ಹಾಕಿದವನೊಬ್ಬ ನಕ್ಕನಂತೆ. "ವರ್ಷವಿಡೀ ಕ್ಲಾಸಿಗೇ ಮೊದಲು ಬಂದ ಹುಡುಗಿ ಇವಳೇನಾ?" ಅಂದನಂತೆ. ಹೌದೋ ಅಲ್ಲವೋ? ನೀವು ಪಕ್ಕದಲ್ಲೇ ನಿಂತಿದ್ರಂತಲ್ಲ!

 

"ಅಜ್ಜಿ, ಅದು ನನ್ನ ಮಾತೇ ಕೇಳಲಿಲ್ಲ." ಮನೆಗೆ ಬಂದವಳು ಮೊದಲು ಅಂದದ್ದೇ ಅದು. ಆಮೇಲೆ ಬಾಯಲ್ಲಾದರೂ ಹೇಳು ಅಂತ ಕೇಳಿದ್ರಂತೆ. ಕೇಳ್ತಾರೆ! ಹೆದರಿಸಿ ಹಿಂಡಿ ಹಿಪ್ಪೆ ಮಾಡಿದ ಮೇಲೆ ಮಗು ಬಾಯಿ ಬಿಡುತ್ತಾ? ನಿಮ್ಮ ಕೋಟಿನವನನ್ನ ಕರ್ಕೊಂಡು ಬನ್ನಿ ಇಲ್ಲಿ. ನನ್ನ ಲಾಂಡ್ರಿಯ ಸೋಡಾ ತೊಟ್ಟಿಯ ಮುಂದೆ ನಿಲ್ಲಿಸಿ, ಹೂಂ, ಈ ಕಲೆ ಯಾವುದರಿಂದ ಹೋಗುತ್ತೆ ಹೇಳು ಅಂತ ನಾನು ಕೇಳ್ತೀನಿ. ಅವನ ಬಾಯಲ್ಲಿ ಏನು ಬರುತ್ತೋ ನೋಡೋಣ. ಥೂ!

ಚೂಟಿನಾ? ಒಳಗೆ ಮಲಗಿದ್ದಾಳೆ. ಅತ್ತೂ ಅತ್ತೂ ಈಗ ಕಣ್ಣು ಮುಚ್ಚಿದ್ದಾಳೆ. ಎಬ್ಬಿಸಬೇಡಿ.

ಅದಾ? ಆ ಶ್ಶ್ ಶ್ಶ್ ಅನ್ನೋದು? ಕೆಳಗೆ ಸ್ಟೀಮ್ ಇಸ್ತ್ರಿ ಟೀಚರ್. ಲಾಂಡ್ರಿ ಅಂದ್ಮೇಲೆ ಇಸ್ತ್ರಿ ಬೇಡವಾ? ಹೋಟೆಲಿನ ಚಾದರ ಬಂದಿದೆ, ಸಂಜೆಯೊಳಗೆ ಹೋಗಬೇಕು. ಕೆಲಸದವರು ಮಾಡ್ತಿದ್ದಾರೆ. ಅದರ ಕಡೆ ಗಮನ ಕೊಡಬೇಡಿ, ನನ್ನ ಕಡೆ ನೋಡಿ.

ನಾನು ಹೇಳ್ತೀನಿ ಕೇಳಿ. ನನಗೆ ಈ ಟ್ಯಾಬು ಬಂದ ದಿನದಿಂದಲೇ ಹೇಸಿಗೆ. ಎಂಥಾ ಹೇಸಿಗೆ ಅಂದ್ರೆ, ಆಸ್ಪತ್ರೆಯ ಚಾದರ ಬಿಚ್ಚಿದಾಗಲೂ ನನಗೆ ಹಾಗೆ ಆಗಲ್ಲ. ಅದರಲ್ಲಾದರೂ ಪಾಪ, ನಿಜವಾದ ರಕ್ತ, ನಿಜವಾದ ಕಾಯಿಲೆ. ಇದರಲ್ಲಿ ಏನಿದೆ? ಶಾಲೆಯ ಅಂಗಳದಲ್ಲಿ ಚಪ್ಪರ ಹಾಕಿ, ರಿಬ್ಬನ್ನು ಕಟ್ಟಿ, ಒಂದೊಂದು ಮಗುವಿನ ಕೈಗೂ ಒಂದೊಂದು ಕೊಟ್ಟು, ನಗು ನಗು ಅಂತ ಫೋಟೋ ಹೊಡೆದ್ರು. ಆ ಮೇಜಿನ ಮೇಲೆ ಹಾಸಿದ ಬಿಳಿ ಬಟ್ಟೆ ನಮ್ಮದೇ, ನಾನೇ ಇಸ್ತ್ರಿ ಮಾಡಿ ಕಳಿಸಿದ್ದು. ವಾಪಸು ಬಂದಾಗ ಅದರ ತುಂಬಾ ಜಿಡ್ಡು, ತಿಂದ ಕೈ ಒರೆಸಿಕೊಂಡಿದ್ದಾರೆ! "ಇನ್ನು ಮುಂದೆ ಜಗತ್ತೇ ನಿಮ್ಮ ಅಂಗೈಯಲ್ಲಿ" ಅಂತ ಭಾಷಣ ಮಾಡಿದವರ ಕೈ. ಜಗತ್ತನ್ನ ನಮ್ಮ ಅಂಗೈಗೆ ಕೊಟ್ಟು, ಅವರ ಅಂಗೈ ನಮ್ಮ ಬಟ್ಟೆಗೆ ಒರೆಸಿ ಹೋದ್ರು!

ನಗ್ತೀರಾ? ನಗಿ, ನಗಿ. ಆ ಜಿಡ್ಡು ತಿಕ್ಕಿ ತಿಕ್ಕಿ ತೆಗೆದವಳು ನಾನು.

ಕೊಟ್ಟು ಹೋದವರು ಒಂದು ಮಾತು ಹೇಳಲಿಲ್ಲ ನೋಡಿ. ಸಿಗ್ನಲ್ ಎಲ್ಲಿ ಬರುತ್ತೆ ಅಂತ! ಈ ಬೀದಿಯಲ್ಲಿ ಒಂದು ಮನೆಯಲ್ಲಾದರೂ ಬರುತ್ತಾ? ಮಕ್ಕಳು ಅದನ್ನ ತಲೆ ಮೇಲೆ ಎತ್ತಿ ಹಿಡ್ಕೊಂಡು, ಕಳೆದುಹೋದ ಕೋಳಿ ಹುಡುಕೋರ ಹಾಗೆ ಬೀದಿ ಬೀದಿ ಅಲೆದ್ವು. ಕೊನೆಗೆ ಎಲ್ಲಿ ಬಂತು? ಇಲ್ಲಿ. ನನ್ನ ಈ ಮಹಡಿಯ ಕೋಣೆಯಲ್ಲಿ, ಈ ಕಿಟಕಿಯ ಹತ್ತಿರ. ನೀರಿನ ಟ್ಯಾಂಕಿನ ಆಚೆ ಟವರ್ ಕಾಣುತ್ತಲ್ಲ, ಅದಕ್ಕೂ ಈ ಕಿಟಕಿಗೂ ನೇರ. ಒದ್ದೆ ಬಟ್ಟೆ ಒಣಗಿಸೋ ಕೋಣೆ ಇದು! ಹಗ್ಗ ಎಲ್ಲಾ ಬಿಚ್ಚಿ, ಹಲಗೆ ಹಾಕಿ, ಎಲ್ಲರ ಟ್ಯಾಬೂ ಸಾಲಾಗಿ ಇಟ್ಟೆ. ನೋಡಿ ಹೇಗಿವೆ. ಎಲ್ಲಾ ನಿಮ್ಮ ಕ್ಲಾಸಿನ ಮಕ್ಕಳದ್ದೇ. ನಿಮ್ಮ ಮೇಲಿನವರು ನಕ್ಷೆ ತೆಗೆದು ನೋಡಿದ್ರೆ ಅವರಿಗೆ ಏನು ಕಾಣುತ್ತೋ! ಒಂದು ಇಡೀ ಕ್ಲಾಸು ಒಂದೇ ಲಾಂಡ್ರಿಯಲ್ಲಿ ವಾಸ ಮಾಡ್ತಿದೆ ಅಂತ!

ಮುಟ್ಟಿ ನೋಡಿ, ಪರವಾಗಿಲ್ಲ. ಮೂಲೆಯಲ್ಲಿ ಬಟ್ಟೆಯ ಚೀಟಿ ಅಂಟಿಸಿದೆಯಲ್ಲ, ಅದು ನನ್ನ ಗುರುತು. ಬಟ್ಟೆಗೆ ಹಾಕ್ತೀವಲ್ಲ, ಅದೇ ಅಳಿಸದ ಶಾಯಿ. ಇದು ಬಡಗಿಯ ಮಗಂದು, ಇದು ಬಸ್ ಕಂಡಕ್ಟರನ ಅವಳಿ ಮಕ್ಕಳದ್ದು, ಇದು ನಮ್ಮ ಚೂಟೀದು. ಈ ಲಾಂಡ್ರಿ ಹಾಕಿ ಇಷ್ಟು ವರ್ಷ ಆಯ್ತು ಟೀಚರ್, ಒಬ್ಬರ ಅಂಗಿ ಇನ್ನೊಬ್ಬರ ಮನೆಗೆ ಹೋಗಿದ್ದಿಲ್ಲ. ಒಂದು ಕರವಸ್ತ್ರ ಹೋಗಿದ್ದಿಲ್ಲ! ಇದನ್ನ ಎದೆ ತಟ್ಟಿ ಹೇಳ್ತೀನಿ.

ಮಕ್ಕಳಾ? ಮಕ್ಕಳು ಎಲ್ಲಿ ಅಂತ ಕೇಳ್ತೀರಾ! ಮೊದಮೊದಲು ಬಂದು ಕೂರ್ತಿದ್ವು. ಈ ಸೆಕೆಯಲ್ಲಿ, ಈ ಸೋಡಾ ವಾಸನೆಯಲ್ಲಿ ಎಷ್ಟು ದಿನ ಕೂರ್ತಾವೆ? ಅರ್ಥ ಆಗದ್ದನ್ನ ಯಾರನ್ನ ಕೇಳೋದು? ಪರದೆಯನ್ನ ಕೇಳೋಕಾಗುತ್ತಾ? ಕಂಡಕ್ಟರ್ ಅವಳಿಗಳು ಕೇಳಿದ್ವು, ಪಾಪ. ಪರದೆಯ ಹತ್ತಿರ ಬಾಯಿ ಇಟ್ಟು "ಟೀಚರ್, ಟೀಚರ್, ಇನ್ನೊಂದ್ಸಲ ಹೇಳಿ" ಅಂದ್ವು. ನೀವು ಎಲ್ಲೋ ಕೂತು ಯಾವತ್ತೋ ಮಾತಾಡಿದ್ದು ಅದು! ಅವಕ್ಕೆ ಹೇಗೆ ಗೊತ್ತಾಗಬೇಕು? ನಿಮಗೆ ಕೋಪ ಬಂದಿದೆ, ಅದಕ್ಕೇ ಉತ್ತರ ಕೊಡ್ತಿಲ್ಲ ಅಂದ್ಕೊಂಡ್ವು. ಒಬ್ಬಳು ಅತ್ತಳು. ಆಮೇಲೆ ಬರೋದು ಬಿಟ್ವು. ಬಡಗಿ ಮಗ ಮರಗೆಲಸಕ್ಕೆ ಹೋದ. ಉಳಿದವು ಬೀದಿ ಪಾಲು.

ಆದರೆ ಹಾಜರಿ ಮಾತ್ರ ತುಂಬಿ ತುಳುಕ್ತಿದೆ ಅಲ್ವಾ? ಹಾಗೆ ನೋಡಬೇಡಿ. ಹೌದು, ನಾನೇ! ಪಾಠ ಓಡ್ತಾ ಓಡ್ತಾ ಮಧ್ಯದಲ್ಲಿ ಟಿಂಗ್ ಅಂತ ಒಂದು ಚೌಕ ಬರುತ್ತಲ್ಲ, "ನೀನು ಇದ್ದೀಯಾ?" ಅಂತ? "ಇದ್ದೀನಿ" ಅಂತ ಒತ್ತೋದು ನಾನೇ. ಸಾಲಾಗಿ ಒತ್ತಿಕೊಂಡು ಬರ್ತೀನಿ, ಗುಂಡಿ ಹೊಲಿಯೋರ ಹಾಗೆ. ಒತ್ತದೆ ಇದ್ರೆ ಹಾಜರಿ ಬೀಳಲ್ಲ. ಹಾಜರಿ ಬೀಳದೆ ಇದ್ರೆ ಟ್ಯಾಬು ವಾಪಸು, ಯೋಜನೆ ಬಂದ್, ಚೂಟಿಯ ಓದೂ ಬಂದ್. ಯಾರೂ ಇಲ್ಲದ ಕಡೆ "ಇದ್ದೀನಿ" ಅನ್ನೋದು ಸುಳ್ಳು ಅಂತ ನನಗೂ ಗೊತ್ತು. ಯಾರೂ ಇಲ್ಲದ ಕಡೆ "ಇದ್ದೀಯಾ" ಅಂತ ಕೇಳೋದು ಮಾತ್ರ ಮರ್ಯಾದೆಯಾ? ಬೇಕಾದ್ರೆ ಬರೆದುಕೊಳ್ಳಿ, ಮೇಲಿನವರಿಗೆ ಹೇಳಿ. ನಾನು ಮುಚ್ಚಿಡೋಳಲ್ಲ. ನನ್ನ ಹತ್ತಿರ ಏನೂ ಮುಚ್ಚುಮರೆ ಇಲ್ಲ.

ಅದೂ ಎಷ್ಟು ಕಷ್ಟ ಗೊತ್ತಾ ಒತ್ತೋದು? ಈ ಗಾಜಿಗೆ ಎಲ್ಲರ ಬೆರಳೂ ಆಗಲ್ಲ! ಇಸ್ತ್ರಿ ಹಿಡಿಯೋರ ಬೆರಳು ಇದಕ್ಕೆ ಆಗಲ್ಲ. ದಿನವಿಡೀ ಬಿಸಿ, ಆವಿ, ಸೋಡಾ... ತುದಿ ಬೆಂದು ಬೆಂದು ಒಣಗಿ ಚಕ್ಕಳ ಆಗಿರುತ್ತೆ. ಅಂಥಾ ಬೆರಳಿಟ್ಟು ಒತ್ತಿ ನೋಡಿ, ಅದಕ್ಕೆ ಒಬ್ಬ ಮನುಷ್ಯ ಮುಟ್ಟಿದ ಅಂತಲೇ ಗೊತ್ತಾಗಲ್ಲ. ನೊಣ ಕೂತ ಹಾಗೆ! ಮೊದಲನೇ ದಿನ ನಾನು ಒತ್ತಿ ಒತ್ತಿ ಸಾಕಾಗಿ, ಕೊನೆಗೆ ಮೂಗಿನಿಂದ ಒತ್ತಿದೆ. ನಿಜವಾಗ್ಲೂ! ಮೂಗಿಗೆ ಓಗೊಡ್ತು. ಇಡೀ ಬೀದಿಯ ಬಟ್ಟೆ ಒಗೆಯೋ ಈ ಕೈಗೆ ಬೆಲೆ ಇಲ್ಲ, ನೆಗಡಿ ಮೂಗಿಗೆ ಇದೆ! ಬಿಸಿಯನ್ನೇ ಮುಟ್ಟದವರು, ಕೆನೆ ಹಚ್ಚಿಕೊಂಡ ಬೆರಳಿನವರು ಯಾರೋ ಎಲ್ಲೋ ಕೂತು ಮಾಡಿದ ಗಾಜು ಇದು. ನಮ್ಮಂಥವರು ಜಗತ್ತಿನಲ್ಲಿದ್ದೀವಿ ಅಂತ ಅವರಿಗೆ ಹೊಳೆಯಲೇ ಇಲ್ಲ. ಆಮೇಲೆ ನಾನೇ ಉಪಾಯ ಕಂಡುಹಿಡಿದೆ. ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಒತ್ತೋದು. ತಕ್ಷಣ ಕೇಳುತ್ತೆ. ಅಗೋ, ಆ ಮೊಳೆಗೆ ನೇತು ಹಾಕಿದ್ದೀನಲ್ಲ, ಅದೇ ಬಟ್ಟೆ.

ಒಣಗಿದೆಯಾ? ಹೌದಾ... ಬಿಸಿಲು ಜಾಸ್ತಿ ಇವತ್ತು. ಧೂಳು ಹಿಡಿದಿದೆಯಾ? ಕಿಟಕಿ ತೆಗೆದೇ ಇರುತ್ತೆ, ಹಿಡಿಯುತ್ತೆ. ನೀವೇನು ಪಾಠ ಹೇಳೋಕೆ ಬಂದ್ರೋ, ಧೂಳು ಹೊಡೆಯೋಕೆ ಬಂದ್ರೋ?

ನೋಡಿ ಟೀಚರ್. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಓದು ಕಲಿತದ್ದು ಅಂಗಿಯ ಕಾಲರಿನಿಂದ. ಒಳಗೆ ಹೊಲಿದಿರುತ್ತಲ್ಲ ಚೀಟಿ, ಬಿಸಿನೀರಲ್ಲಿ ಹಾಕಬೇಡಿ, ಹಿಂಡಬೇಡಿ, ನೆರಳಲ್ಲಿ ಒಣಗಿಸಿ... ಅದನ್ನ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಬಟ್ಟೆ ಸುತ್ತಿ ಬರೋ ಪೇಪರು ಓದಿದೆ. ಅರ್ಧ ಹರಿದ ಸುದ್ದಿ! ಕೊಲೆ ಆಯ್ತು ಅಂತ ಇರುತ್ತೆ, ಯಾರು ಮಾಡಿದ್ರು ಅನ್ನೋದು ಇನ್ನೊಬ್ಬರ ಪ್ಯಾಂಟಿಗೆ ಸುತ್ತಿ ಹೋಗಿರುತ್ತೆ. ಹಾಗೆ ಓದಿದೋಳು. ಒಬ್ಬರ ಮುಂದೆ ಕೈಚಾಚದೆ ಈ ಬಾಯ್ಲರು, ಈ ಮಹಡಿ, ಎಲ್ಲಾ ಎಬ್ಬಿಸಿದೆ. ಅದಕ್ಕೇ ಚೂಟಿಯನ್ನ ಅವಳಮ್ಮ ನನ್ನ ಹತ್ತಿರ ಬಿಟ್ಟು ದೂರದೂರಿಗೆ ಕೆಲಸಕ್ಕೆ ಹೊರಟ ದಿನವೇ ಹೇಳಿದೆ. ಈ ಹುಡುಗಿ ಇಸ್ತ್ರಿ ಮುಟ್ಟಲ್ಲ. ನಾನು ಕೆಳಗೆ ನಿಲ್ತೀನಿ, ಇವಳು ಮೇಲೆ ಕೂತು ಓದ್ತಾಳೆ. ಇದು ಈ ಮನೆಯ ಕಾನೂನು. ಇವತ್ತಿಗೂ ಅದೇ ನಡೀತಿರೋದು. ನಾನು ಕೆಳಗೆ, ಅವಳು ಮೇಲೆ.

ಮತ್ತೆ ಮೆಟ್ಟಿಲ ಕಡೆ ನೋಡ್ತೀರಲ್ಲ! ನಾನು ಇಲ್ಲಿದ್ದೀನಿ ಸರಿ, ಹಾಗಾದ್ರೆ ಕೆಳಗೆ ಯಾರು ಅಂತಾನಾ? ಹೇಳಿದೆನಲ್ಲ, ಕೆಲಸದವರು. ಚೂಟಿಯನ್ನ ಕರೀಬೇಕಾ? ಅವಳು ಗೆಳತಿ ಮನೆಗೆ ಹೋಗಿದ್ದಾಳೆ.

...ಮಲಗಿದ್ದಾಳೆ ಅಂದ್ನಾ? ಮಲಗಿದ್ದವಳು ಎದ್ದು ಹೋಗಬಾರದಾ! ಒಳ್ಳೆ ಪೊಲೀಸರ ಕೈಗೆ ಸಿಕ್ಕಿಬಿದ್ದ ಹಾಗಾಯ್ತಲ್ಲ ನನ್ನ ಕತೆ.

ಅವಳು ಎಷ್ಟು ಚೆನ್ನಾಗಿ ಓದ್ತಾಳೆ ಅಂತ ನಿಮಗೇ ಗೊತ್ತು. ಒಂದು ಪರೀಕ್ಷೆಯಲ್ಲಾದರೂ ಅವಳ ಮುಂದೆ ಪರದೆಯ ಆ ಕರಡಿ ಅತ್ತಿದೆಯಾ? ಆ ಕರಡಿ! ಸರಿ ಉತ್ತರಕ್ಕೆ ಚಪ್ಪಾಳೆ, ತಪ್ಪಾದ್ರೆ ಕಣ್ಣೀರು. ಅದನ್ನ ಕಂಡ್ರೆ ಮೈ ಉರಿಯುತ್ತೆ ನನಗೆ. ಅಷ್ಟು ದೊಡ್ಡ ಪಾಠದ ಮಧ್ಯೆ ಆ ಅಸಹ್ಯ ಕುಣಿತ ಯಾಕೆ? ಗ್ರಹಣದ ಪಾಠದಲ್ಲಂತೂ ನೀವು ಏನು ಚೆಂದ ಹೇಳ್ತಿದ್ರಿ! ಚೆಂಡು ಹಿಡ್ಕೊಂಡು, ಟಾರ್ಚು ಹಿಡ್ಕೊಂಡು... ಅವತ್ತು ನಿಮಗೆ ನೆಗಡಿ. ಹಸಿರು ಅಂಗಿ, ತೋಳಿನ ಒಂದು ಗುಂಡಿ ಇರಲಿಲ್ಲ. ಮಧ್ಯದಲ್ಲಿ ಸೀನಿ "ಕ್ಷಮಿಸಿ ಮಕ್ಕಳೇ" ಅಂದ್ರಿ. ಪರದೆಗೆ ಯಾರಾದ್ರೂ ಕ್ಷಮಿಸಿ ಅಂತಾರಾ? ನೀವು ಅಂದ್ರಿ. ಪರವಾಗಿಲ್ಲ ತಾಯಿ ಅಂದೆ ನಾನು...

ಹಾಂ? ಇಲ್ಲ, ಅಂದ್ರೆ... ಬಟ್ಟೆ ಒಣಗಿಸೋಕೆ ಮೇಲೆ ಬಂದಿರ್ತೀನಲ್ಲ. ಅವಳು ನೋಡ್ತಿರ್ತಾಳೆ, ನನ್ನ ಕಿವಿಗೂ ಬೀಳುತ್ತೆ. ಕಿವಿಗೆ ಬೀಗ ಹಾಕೋಕಾಗುತ್ತಾ?

ಹಗ್ಗ ಬಿಚ್ಚಿದ್ದೀನಿ ಅಂದ್ನಾ? ಅಬ್ಬಾ, ಎಷ್ಟು ನೆನಪಿಟ್ಕೊಂಡಿರ್ತೀರಿ ನೀವು! ಒಂದೆರಡು ಬಟ್ಟೆ ಕಿಟಕಿಗೆ ಹರವ್ತೀನಿ.

ಈ ಮಾತೆಲ್ಲಾ ಯಾಕೆ ಈಗ. ವಿಷಯ ಅದಲ್ಲ. ವಿಷಯ ಒಂದೇ, ನೀವು ಕೆಟ್ಟ ಟ್ಯಾಬು ಕೊಟ್ರಿ. ಅದನ್ನ ಒಪ್ಕೊಳ್ಳಿ, ಮೇಲಿನವರಿಗೆ ಹೇಳಿ, ಇನ್ನೊಂದು ಸಲ ಪರೀಕ್ಷೆ ಮಾಡಿಸಿ. ಸೀಟಿನ ಬಾಗಿಲು ಇನ್ನೂ ಮುಚ್ಚಿಲ್ಲ ಅಂತ ನನಗೆ ಗೊತ್ತು. ನಿಮ್ಮ ಒಂದು ಮಾತು ಸಾಕು. ಒಂದು ಮಾತು ಟೀಚರ್! ನಾನು ಯಾರ ಮುಂದೆಯೂ ಬಗ್ಗಿದವಳಲ್ಲ, ನಿಮ್ಮ ಮುಂದೆ ಬಗ್ತೀನಿ ಬೇಕಾದ್ರೆ...

ಏನದು? ಚೀಲದಿಂದ ಏನು ತೆಗೀತಿದ್ದೀರಿ? ...ಓಹೋ! ಇದೇನಾ ಅದು? ಬೆಳಿಗ್ಗೆ ಅವಳ ಕೈಗೆ ಕೊಟ್ಟಿದ್ದು ಇದೇನಾ? ಒಳ್ಳೇದಾಯ್ತು! ತಂದದ್ದು ಬಹಳ ಒಳ್ಳೇದಾಯ್ತು. ಕಳ್ಳನನ್ನೇ ಹಿಡ್ಕೊಂಡು ಬಂದಿದ್ದೀರಿ. ಕೊಡಿ ಇಲ್ಲಿ. ನಿಮ್ಮ ಕಣ್ಣೆದುರಿಗೇ ತೋರಿಸ್ತೀನಿ, ಎಂಥಾ ಕೊಳಕು ವಸ್ತು ಇದು ಅಂತ. ಪರದೆ ನೋಡಿ, ಎಷ್ಟು ಜನದ ಬೆವರಿದೆಯೋ... ಥೂ. ಇರಿ, ಒರೆಸ್ತೀನಿ. ಹಾಂ. ಅದೇ ಪ್ರಶ್ನೆ ಇನ್ನೂ ನಿಂತಿದೆ ನೋಡಿ, ಮಗು ಕೂತಿದ್ದ ಜಾಗದಲ್ಲೇ! "ಚಂದ್ರನ ಒಂದೇ ಮುಖ ನಮಗೆ ಯಾಕೆ ಕಾಣುತ್ತದೆ?" ಈಗ ನೋಡಿ. ಮುಟ್ತೀನಿ. ಕಲ್ಲಿನ ಹಾಗೆ ಬಿದ್ದಿರುತ್ತೆ, ನೋಡ್ತಾ ಇರಿ...

...

ಅಯ್ಯೋ, ಆ ಕರಡಿಯ ಚಪ್ಪಾಳೆ ನಿಲ್ಲಿಸಿ.

ನಿಲ್ಲಿಸಿ ಅಂದೆ!

...ಏನೋ ಆಕಸ್ಮಿಕ. ಒರೆಸಿದೆನಲ್ಲ, ಒದ್ದೆ ಇತ್ತು. ಇಲ್ಲ... ಸೆರಗಿನಲ್ಲಿ... ಒಣ ಬಟ್ಟೆಯಲ್ಲೇ ಒರೆಸಿದ್ದು. ಬೆಳಿಗ್ಗೆ ಕೆಟ್ಟಿತ್ತು, ಈಗ ಸರಿಯಾಗಿದೆ. ಇವು ಹಾಗೇ ತಾನೆ? ಒಂದೊಂದು ಗಳಿಗೆಗೆ ಒಂದೊಂದು ಬುದ್ಧಿ. ಎರಡನೇ ಪ್ರಶ್ನೆಯಲ್ಲಿ ನಿಂತುಬಿಡುತ್ತೆ ನೋಡಿ... ಮುಟ್ತೀನಿ...

ಇದೂ ಮುಂದಕ್ಕೆ ಹೋಯ್ತು.

ಉತ್ತರ ಹೇಗೆ ಗೊತ್ತಾಯ್ತು ಅಂತಾನಾ? ತನ್ನ ಸುತ್ತ ಒಂದು ಸುತ್ತು ತಿರುಗೋಕೂ, ನಮ್ಮ ಸುತ್ತ ಒಂದು ಸುತ್ತು ಬರೋಕೂ ಅವನಿಗೆ ಅಷ್ಟೇ ಕಾಲ ಹಿಡಿಯುತ್ತೆ. ಅದಕ್ಕೇ ಬೆನ್ನು ಕಾಣಲ್ಲ. ನೀವೇ ಹೇಳಿದ್ದು. ಒಂದು ಹುಡುಗಿ ಇನ್ನೊಂದು ಹುಡುಗಿಯ ಸುತ್ತ ಅವಳ ಕಡೆಗೇ ಮುಖ ಇಟ್ಟು ನಡೆದು ತೋರಿಸಿದಳಲ್ಲ. ನಾನೂ ಹೀಗೆ ನಡೆದೆ, ಈ ಸ್ಟೂಲಿನ ಸುತ್ತ. ಯಾರೂ ಇರಲಿಲ್ಲ, ಒಬ್ಬಳೇ...

ಏನು ನೋಡ್ತಿದ್ದೀರಿ? ನನ್ನ ಬೆರಳಾ? ಬೆರಳಲ್ಲಿ ಏನಿದೆ? ಬಿಡಿ, ಕೈ ಬಿಡಿ ಟೀಚರ್. ಮಗುವಿನ ಕೈ ಹಿಡಿದ ಹಾಗೆ ಹಿಡೀಬೇಡಿ.

ಏನಾದ್ರೂ ಅನ್ನಿ.

ಬೈಯಿರಿ. ಬೈದ್ರೆ ತಿರುಗಿ ಬೈಬಹುದು ನಾನು. ಹೀಗೆ ಸುಮ್ಮನೆ ಕೂತ್ರೆ... ಪಾಠದಲ್ಲೂ ಹೀಗೇ ಮಾಡ್ತೀರಿ ನೀವು. "ಅರ್ಥ ಆಯ್ತಾ?" ಅಂತ ಕೇಳಿ ಸುಮ್ಮನಾಗ್ತೀರಿ. ಕಣ್ಣು ನೇರ ಇತ್ತ ಇಟ್ಟು ಕಾಯ್ತೀರಿ. ಇಡೀ ಜನ್ಮದಲ್ಲಿ ಒಬ್ಬರಾದ್ರೂ ನನ್ನನ್ನ ಆ ಮಾತು ಕೇಳಿದ್ರಾ? ಕಲೆ ಹೋಯ್ತಾ ಅಂತ ಕೇಳಿದ್ರು, ಬಟ್ಟೆ ರೆಡಿನಾ ಅಂತ ಕೇಳಿದ್ರು. ಅರ್ಥ ಆಯ್ತಾ ಅಂತ... ಮೊದಲ ಸಲ ನೀವು ಕೇಳಿದಾಗ ನಾನು ಎದ್ದು ನಿಂತುಬಿಟ್ಟೆ. ಆಯ್ತು ಅಂದೆ. ಪರದೆಗೆ!

ಆ ದಿನ ಪರದೆ ನೋಡಿ ನೋಡಿ ಚೂಟಿಗೆ ತಲೆನೋವು ಬಂದಿತ್ತು. ಒಂದು ದಿನ ನೀನು ಕೆಳಗೆ ಇಸ್ತ್ರಿ ನೋಡ್ಕೋ ಮರಿ, ನಾನು ಒತ್ತಿ ಬರ್ತೀನಿ ಅಂದೆ. ಒಂದೇ ದಿನ ಅಂದೆ. ಆಮೇಲೆ ಮುಂದೆ ಏನಾಗುತ್ತೆ ಅಂತ ತಿಳೀಬೇಕಿತ್ತು ನನಗೆ. ಅರ್ಧ ಹರಿದ ಪೇಪರು ಓದಿದವಳು ಟೀಚರ್ ನಾನು! ಪೂರ್ತಿ ಒಂದು ಸಲ... ಅವಳೂ ಏನೂ ಅನ್ನಲಿಲ್ಲ. ಅವಳು ಅನ್ನೋಳೇ ಅಲ್ಲ. ನಾನು ಇಳಿದು ಹೋದಾಗೆಲ್ಲಾ ಚಾದರ ಮಡಿಸ್ತಾ "ಅಜ್ಜಿ, ಇವತ್ತು ನಾನು ಎಷ್ಟು ತೆಗೆದೆ?" ಅಂತ ಕೇಳ್ತಿದ್ದಳು. ನಗ್ತಾ ಕೇಳ್ತಿದ್ದಳು. ಮೊದಲನೇ ಸ್ಥಾನ ಕಣೇ ಅಂತಿದ್ದೆ...

ಒಬ್ಬರ ಅಂಗಿ ಇನ್ನೊಬ್ಬರಿಗೆ ಹೋಗಿಲ್ಲ ಅಂದ್ನಲ್ಲ. ಎದೆ ಬೇರೆ ತಟ್ಟಿದೆ.

ಏಳಬೇಡಿ! ಕೆಳಗೆ ಹೋಗಬೇಡಿ. ಅವಳ ಕೈ ನೋಡಬೇಡಿ ನೀವು. ...ನೋಡಿದ್ದೀರಾ? ಬೆಳಿಗ್ಗೆಯೇ? ಪಕ್ಕದಲ್ಲೇ ನಿಂತಿದ್ರಲ್ಲ... ಆಗಲೇ ಗೊತ್ತಾಗಿತ್ತಾ ನಿಮಗೆ? ಗೊತ್ತಿದ್ದೂ ಇಷ್ಟು ಹೊತ್ತು ನನ್ನನ್ನ ಬೊಗಳೋಕೆ ಬಿಟ್ರಾ!

ಕೂತ್ಕೊಳ್ಳಿ. ನಾನು ಇಳೀತೀನಿ. ಅವಳನ್ನ ಮೇಲೆ ಕಳಿಸ್ತೀನಿ. ಮೊದಲಿಂದ ಹೇಳಿಕೊಡಿ. ನಿಮ್ಮ ಬಾಯಿಂದ, ಎದುರಿಗೆ ಕೂತು. ಸೀಟಿನ ಮಾತು... ಅದು ನಾನು ಕೇಳಲ್ಲ. ಕೇಳೋ ಮುಖ ಇಲ್ಲ. ಬೆರಳು ಮಾತ್ರ ಸ್ವಲ್ಪ ದಿನ ಗಾಜಿಗೆ ಕೇಳಲ್ಲ ಅವಳದು, ಅದಕ್ಕೆ ಬೈಬೇಡಿ. ಇಸ್ತ್ರಿ ಬಿಟ್ರೆ ಸಿಪ್ಪೆ ಏಳುತ್ತೆ, ಆಮೇಲೆ ಒಳಗಿಂದ ಹೊಸ ಚರ್ಮ ಬರುತ್ತೆ. ಮೊದಲು ಕಿರುಬೆರಳು. ಹೆಬ್ಬೆರಳು ಎಲ್ಲಕ್ಕಿಂತ ಕೊನೆಗೆ. ಎಷ್ಟು ದಿನ ಹಿಡಿಯುತ್ತೆ ಅಂತ ನನಗೆ ಗೊತ್ತು...

ನೋಡಿ ಬೇಕಾದ್ರೆ. ಮುಟ್ಟಿ ನೋಡಿ. ಈ ವಯಸ್ಸಿಗೆ ಎಷ್ಟು ಮೆತ್ತಗಾಗಿದೆ ನನ್ನ ಬೆರಳು. ಹತ್ತಿಯ ಹಾಗೆ.

ಥೂ... ಅಸಹ್ಯ.